ಗುಲಿಟ್ ಇರುವ ಪೆಟ್ಟಿಗೆ

(ಹೆಸರು, ಊರು, ಉದ್ಯೋಗ ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದು. ಅದೊಂದು ಮೊಬೈಲ್ ಫುಟ್‌ಬಾಲ್ ಆಟ; ಪ್ಯಾಕ್ ಎಂದರೆ ಅದರಲ್ಲಿ ದುಡ್ಡು ಕೊಟ್ಟು, ಹೆಚ್ಚಾಗಿ ಯಾರು ಬರುತ್ತಾರೆಂದು ತಿಳಿಯದೆ, ಆಟಗಾರರ ಕಾರ್ಡ್ ಎತ್ತುವ ಪೆಟ್ಟಿಗೆ. ಆಟದ ಹೆಸರನ್ನೂ ಬಿಟ್ಟಿದ್ದೇನೆ. ಆಡುವವರಿಗೆ ತಾನಾಗಿ ಗೊತ್ತಾಗುತ್ತದೆ, ಆಡದವರಿಗೆ ಬೇಕಿಲ್ಲ.)

"ಮೇಡಂ, ನನಗೆ ಸಮಸ್ಯೆ ಅಂತ ಏನಿಲ್ಲ. ಒಂದು ಪ್ಯಾಕ್ ಇದೆ. ಅದಕ್ಕೆ ದುಡ್ಡು ಹಾಕಬಹುದಾ ಬೇಡ್ವಾ, ನೀವೇ ಹೇಳಿಬಿಡಿ. ನಿಮ್ಮ ಮಾತಾದ್ರೆ ಇವಳು ಕೇಳ್ತಾಳೆ."

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮಧು ಇಷ್ಟು ಹೇಳಿ ಮುಗಿಸಿದ. 29 ವರ್ಷ, ಬೈಕ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಕೆಲಸ, ತಿಂಗಳಿಗೆ ಕೈಗೆ ಬರುವುದು 31,000 ರೂಪಾಯಿ. ಹೆಂಡತಿ ಶ್ವೇತಾ ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಆಕೆ ಏನೂ ಮಾತಾಡದೆ ಬ್ಯಾಗಿನಿಂದ ಐದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಮೇಜಿನ ಮೇಲಿಟ್ಟಳು. ಆಟಕ್ಕೆ ಹೋದ ಸಾಲುಗಳಿಗೆಲ್ಲ ಹಳದಿ ಬಳಿದಿತ್ತು. 89, 449, 89, 799, 799. ಒಟ್ಟು 41 ಸಲ, 23,400 ರೂಪಾಯಿ. 449ರ ಒಂದು ಸಾಲಿನ ಕೆಳಗೆ ಮಾತ್ರ ಪೆನ್ನಿನ ಗೆರೆ. ಆ ದಿನದ ದುಡ್ಡು ಅಮ್ಮನ ಕಣ್ಣಿನ ಡ್ರಾಪ್ಸ್‌ಗೆ ಹೋಯಿತೆಂದು ಆತ ಹೇಳಿದ್ದನಂತೆ.

"ನಾನು ಅತ್ತೆಗೆ ಫೋನ್ ಮಾಡಿ ಕಣ್ಣು ಹೇಗಿದೆ ಅಂತ ವಿಚಾರಿಸಿದೆ ಮೇಡಂ. ಅವರಿಗೇ ಗೊತ್ತಿರಲಿಲ್ಲ."

ಇಂಥವರು ಬಂದಾಗ ನಾನು ಮೊದಲು ನೋಡುವುದು ಇದು ಕಾಯಿಲೆಯ ಮಟ್ಟಕ್ಕೆ ಹೋಗಿದೆಯೇ ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಎನ್ನಬೇಕಾದರೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಉಳಿದದ್ದೆಲ್ಲ ಹಿಂದೆ ಸರಿದಿರಬೇಕು, ಕೆಡುಕಾಗುತ್ತಿದ್ದರೂ ಬಿಡಲಾಗದಂತಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳ ಕಾಲ. ಮಧು ರಾತ್ರಿ ಎರಡು ಮ್ಯಾಚ್ ಆಡಿ ಮಲಗುವವ. ಕೆಲಸ ತಪ್ಪಿಸಿಲ್ಲ, ಸಾಲ ಮಾಡಿಲ್ಲ. ಕಾಯಿಲೆಯ ಮಟ್ಟಕ್ಕೆ ಹೋಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದು 2014ರಿಂದ ನಡೆಯುತ್ತಿರುವ ಶಟ್ ಕ್ಲಿನಿಕ್‌ಗೆ ಚೀಟಿ ಬರೆದುಕೊಡುತ್ತಿದ್ದೆ. ಇಲ್ಲಿ ಅದು ಬೇಕಿರಲಿಲ್ಲ.

ಅವರ ಜಗಳವೆಲ್ಲ ನಿಂತಿದ್ದು ಒಂದೇ ಪದದ ಮೇಲೆ. ಆಕೆ "ಜೂಜು" ಎಂದರೆ ಆತ "ನಾನೇನು ರಮ್ಮಿ ಆಡ್ತಿದೀನಾ?" ಎನ್ನುತ್ತಿದ್ದ. ಈ ಪದ ಇಟ್ಟುಕೊಂಡು ದೇಶ ದೇಶಗಳೇ ಕಿತ್ತಾಡಿವೆ ಎಂದು ಹೇಳಿದೆ. 2018ರಲ್ಲಿ ಬೆಲ್ಜಿಯಂನ ಜೂಜು ಆಯೋಗ ಫುಟ್‌ಬಾಲ್ ಆಟದ ಇಂಥ ಪ್ಯಾಕ್‌ಗಳು ಜೂಜಿನ ಕಾನೂನನ್ನು ಮುರಿಯುತ್ತವೆ ಎಂದಿತು. ಮರುವರ್ಷದ ಜನವರಿ ಕೊನೆಗೆ, ಆ ಆಟ ತಯಾರಿಸುವ ಇಎ ಕಂಪನಿ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರುವುದನ್ನು ನಿಲ್ಲಿಸಿತು. ಪಕ್ಕದ ನೆದರ್ಲೆಂಡ್ಸ್‌ನಲ್ಲಿ ಅದೇ ಕಂಪನಿಗೆ ಒಂದು ಕೋಟಿ ಯೂರೋ ದಂಡ ಬಿತ್ತು. ಆದರೆ 2022ರ ಮಾರ್ಚ್‌ನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ, ಪ್ಯಾಕ್ ತೆರೆಯುವುದು ಬೇರೆಯೇ ಒಂದು ಆಟವಲ್ಲ, ಕೌಶಲದ ದೊಡ್ಡ ಆಟದ ಒಂದು ಭಾಗ ಎಂದು ದಂಡ ರದ್ದು ಮಾಡಿತು. ನಮ್ಮ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೈಯಿಟ್ಟಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಮೇಲೆ. ಮಧುವಿನ ಪೆಟ್ಟಿಗೆಯಿಂದ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ನ್ಯಾಯಾಧೀಶರಿಗೇ ಒಮ್ಮತವಿಲ್ಲದ ಪದವನ್ನು ನೀವಿಬ್ಬರು ಅಡುಗೆಮನೆಯಲ್ಲಿ ತೀರ್ಮಾನ ಮಾಡಬೇಕಿಲ್ಲ, ಅದನ್ನು ಬದಿಗಿಡಿ ಎಂದೆ. ಶ್ವೇತಾ ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಎರಡನೇ ಭೇಟಿಯಲ್ಲಿ ಪ್ಯಾಕ್ ಅನ್ನು ತೋರಿಸಲು ಹೇಳಿದೆ. ಮಧುವಿಗೆ ಬೇಕಾಗಿದ್ದವನು ಹಳೆಯ ಫುಟ್‌ಬಾಲ್ ಆಟಗಾರ ರೂಡ್ ಗುಲಿಟ್. 1987ರಲ್ಲಿ ಯುರೋಪಿನ ವರ್ಷದ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದು, ಮರುವರ್ಷ ನೆದರ್ಲೆಂಡ್ಸ್ ಯೂರೋ ಕಪ್ ಎತ್ತಿದಾಗ ನಾಯಕನಾಗಿದ್ದವನು. ಆಗ ಮಧು ಹುಟ್ಟೇ ಇರಲಿಲ್ಲ. ಆದರೂ ಆ ಜಡೆಗೂದಲಿನ ಚಿತ್ರ ನೋಡುವಾಗ ಆತನ ಮುಖ ಅರಳಿದ್ದನ್ನು ನಾನು ಗಮನಿಸಿದೆ. ನನ್ನ ಕಾಲದಲ್ಲಿ ಬಬಲ್‌ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು; ಗಮ್ ಬಾಯಿಗೆ ಸೇರದೆ ಚರಂಡಿಗೆ ಹೋಗುತ್ತಿತ್ತು. ಆ ಆಸೆ ನನಗೆ ಅಪರಿಚಿತವಲ್ಲ.

ಪೆಟ್ಟಿಗೆಯಲ್ಲಿ 150 ಆಟಗಾರರು. ಅದರಲ್ಲಿ ಹೆಸರಾಂತ "ಎಪಿಕ್" ಮೂವರು, ಗುಲಿಟ್ ಅವರಲ್ಲೊಬ್ಬ. ಹತ್ತು ಸಲ ಎತ್ತಲು ಆತನಿಗೆ ಬೀಳುತ್ತಿದ್ದುದು ಸುಮಾರು 800 ರೂಪಾಯಿ. 40 ಸಲ ಎತ್ತಿಯಾಗಿತ್ತು, ಗುಲಿಟ್ ಬಂದಿರಲಿಲ್ಲ.

"ಇಲ್ಲಿ ತನಕ ಬಂದಿಲ್ಲ ಅಂದ್ರೆ ಇನ್ಮೇಲೆ ಬರೋ ಚಾನ್ಸ್ ಜಾಸ್ತಿ ಅಲ್ವಾ ಮೇಡಂ?"

ನಾನು ತರಬೇತಿಯಲ್ಲಿ ಕಲಿತಿದ್ದನ್ನು ಒಪ್ಪಿಸಿದೆ: ಇದನ್ನೇ ಜೂಜುಗಾರನ ಭ್ರಮೆ ಎನ್ನುವುದು, ಹಿಂದಿನ ಸೋಲು ದಾಳಕ್ಕೆ ನೆನಪಿರುವುದಿಲ್ಲ, ಇತ್ಯಾದಿ. ಶ್ವೇತಾ ಅರ್ಧದಲ್ಲೇ ತಡೆದಳು. "ಇಲ್ಲ ಮೇಡಂ, ಇದು ಚೀಟಿ ಥರ. ಒಂದ್ಸಲ ತೆಗೆದ ಹೆಸರು ಮತ್ತೆ ಡಬ್ಬಕ್ಕೆ ಹೋಗಲ್ಲ. ಇವರು ಹೇಳ್ತಿರೋದು ಸರಿ."

ನನಗೆ ನಾಚಿಕೆಯಾಯಿತು. ಆಕೆ ತನ್ನ ಬೀದಿಯ ಇಪ್ಪತ್ತು ಹೆಂಗಸರ ಚೀಟಿ ನಡೆಸುವವಳು. ತಿಂಗಳಿಗೊಮ್ಮೆ ಸ್ಟೀಲ್ ಡಬ್ಬದಿಂದ ಮಗುವಿನ ಕೈಯಲ್ಲಿ ಹೆಸರು ಎತ್ತಿಸುತ್ತಾಳೆ. ಬಂದ ಹೆಸರು ಹೊರಗೆ. ಹೆಚ್ಚಿನ ಆಟಗಳಲ್ಲಿ, ಇಎಯ ಫುಟ್‌ಬಾಲ್ ಆಟದ ಅಲ್ಟಿಮೇಟ್ ಟೀಮ್‌ನಲ್ಲೂ, ಪ್ರತಿ ಪ್ಯಾಕೂ ಹೊಸ ದಾಳ. ಅಲ್ಲಿ ನನ್ನ ಪಾಠ ಸರಿ. ಈ ಪೆಟ್ಟಿಗೆ ಹಾಗಲ್ಲ. ಮೊದಲು ತಿಳಿಯಬೇಕಾದ್ದು ಅದನ್ನೇ: ತೆಗೆದದ್ದು ವಾಪಸ್ ಹೋಗುತ್ತದೆಯೋ ಇಲ್ಲವೋ.

ಮದುವೆಯಾದ ಮೇಲೆ ಹೆಂಡತಿ ತನ್ನ ಆಟದ ವಿಷಯದಲ್ಲಿ "ಇವರು ಹೇಳಿದ್ದು ಸರಿ" ಎಂದದ್ದು ಬಹುಶಃ ಅದೇ ಮೊದಲು. ಮಧು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಆಮೇಲಿನ ಅರ್ಧ ಗಂಟೆ ನಾನು ಹೆಚ್ಚು ಮಾತಾಡಲಿಲ್ಲ. ಕಾಗದ, ಪೆನ್ನು ಆಕೆಯ ಕೈಯಲ್ಲಿತ್ತು.

ಹೊಸ ಪೆಟ್ಟಿಗೆಯಲ್ಲಿ ಹತ್ತು ಸಲ ಎತ್ತಿದರೆ ಮೂವರಲ್ಲಿ ಯಾರಾದರೂ ಒಬ್ಬ ಬರುವ ಸಾಧ್ಯತೆ ನೂರಕ್ಕೆ ಸುಮಾರು 19. ಗುಲಿಟ್ಟೇ ಬೇಕು ಎಂದರೆ 150ರಲ್ಲಿ 10, ಅಂದರೆ ನೂರಕ್ಕೆ ಏಳೂ ಇಲ್ಲ. 40 ಎತ್ತಿ ಉಳಿದ 110ರಲ್ಲಿ ಹತ್ತು ಎತ್ತಿದರೆ ಒಂಬತ್ತು. ಮಧು ಹೇಳಿದ್ದು ನಿಜ, ಚಾನ್ಸ್ ಏರಿದೆ: ಏಳರಿಂದ ಒಂಬತ್ತಕ್ಕೆ! ಮೊದಲಿನಿಂದ ಲೆಕ್ಕ ಹಾಕಿದರೆ ಗುಲಿಟ್ ಸಿಗಲು ಸರಾಸರಿ ಸುಮಾರು 75 ಸಲ ಎತ್ತಬೇಕು, ಅಂದರೆ ಸುಮಾರು 6,000 ರೂಪಾಯಿ. ಹಣೆಬರಹ ತೀರಾ ಕೆಟ್ಟಿದ್ದರೆ ಪೂರ್ತಿ ಪೆಟ್ಟಿಗೆ, 12,000. "ನಮ್ಮ ಚೀಟೀಲಿ ಕೊನೇ ತಿಂಗಳು ಬಂದವಳಿಗೂ ಕಟ್ಟಿದ ದುಡ್ಡು ಸಿಗುತ್ತೆ ರೀ," ಎಂದಳು ಶ್ವೇತಾ. "ಇಲ್ಲಿ ಮೂರು ಹೆಸರು ಬಿಟ್ಟು ಉಳಿದ 147 ಯಾರಿಗೆ ಬೇಕು?" ಮಧು ನಕ್ಕುಬಿಟ್ಟ. ಆ 147ರಲ್ಲಿ ಬಹುಪಾಲು ತನ್ನ ತಂಡದ ಬೆಂಚಿಗೂ ಬರುವುದಿಲ್ಲ ಎಂದು ಒಪ್ಪಿಕೊಂಡ.

ಲೆಕ್ಕ ಇಷ್ಟು ಸುಲಭವಿದ್ದರೆ ಆತ ಮೊದಲೇ ಯಾಕೆ ಹಾಕಲಿಲ್ಲ? ಬೈಕಿನ ಬಿಡಿಭಾಗಕ್ಕೆ ಗಿರಾಕಿಯ ಎದುರು ಪೈಸೆ ಪೈಸೆ ಲೆಕ್ಕ ಹೇಳುವ ಮನುಷ್ಯ. ಮತ್ತೆ ಆ ಸ್ಟೇಟ್‌ಮೆಂಟ್ ತೆಗೆದೆ. ಹಳದಿ ಸಾಲುಗಳ ಪಕ್ಕ, ನೆನಪಿದ್ದಷ್ಟಕ್ಕೆ, ಆ ರಾತ್ರಿ ಗೆದ್ದಿದ್ದಾ ಸೋತಿದ್ದಾ ಬರೆಯಿರಿ ಎಂದೆ. ಮನೆಗೆ ಕೊಂಡೊಯ್ದು, ಆಟದಲ್ಲಿ ಉಳಿದಿದ್ದ ದಾಖಲೆಯನ್ನೂ ನೋಡಿ ಬರೆದು ತಂದ. 41ರಲ್ಲಿ 29 ಸಲ ಸೋತ ರಾತ್ರಿ. ಎಲ್ಲವೂ ಹನ್ನೊಂದು ಗಂಟೆಯ ನಂತರ, ಶ್ವೇತಾ ಮಲಗಿದ ಮೇಲೆ.

ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸಿದ್ದು ಇದೇ. ಪ್ಯಾಕ್ ದುಡ್ಡಿಗೆ ತಕ್ಕದ್ದೇ ಎಂಬ ಪ್ರಶ್ನೆಯನ್ನು ಆತ ಕೇಳಿಕೊಳ್ಳುತ್ತಿದ್ದುದು 90ನೇ ನಿಮಿಷದಲ್ಲಿ ಗೋಲು ತಿಂದು, ಎದುರಾಳಿಯ ತಂಡದಲ್ಲಿ ಗುಲಿಟ್ಟನ್ನು ಕಂಡ ಐದು ನಿಮಿಷಕ್ಕೆ. ಆ ಹೊತ್ತಿಗೆ ಪರದೆಯ ಮೇಲೆ ಪೆಟ್ಟಿಗೆ ಇನ್ನೆಷ್ಟು ದಿನ ಎಂಬ ಗಡುವೂ ಓಡುತ್ತಿರುತ್ತದೆ. ಎತ್ತಲು ದುಡ್ಡು ಕೊಟ್ಟು ಕೊಳ್ಳುವ ಆಟದ ಕಾಯಿನ್‌ಗಳ ಕಟ್ಟೂ ಬೇಕಾದಷ್ಟಕ್ಕೆ ಸಿಗದು, ಸ್ವಲ್ಪ ಮಿಕ್ಕುತ್ತದೆ. ಮಿಕ್ಕಿದ್ದಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಮತ್ತೆ ಹತ್ತು. ಸೋತ ಸಂಕಟದಲ್ಲಿ ಕೂತವನಿಗೆ ನೂರಕ್ಕೆ ಏಳು ಎಂದರೆ ಏಳು ಮಾತ್ರ ಕಾಣುತ್ತದೆ.

ಇನ್ನೊಂದು ಮಾತೂ ಕೇಳಿದೆ. ಗುಲಿಟ್ ಬಂದರೆ ಗೆಲ್ಲುತ್ತೀರಾ? ಮಧು ಪ್ರಾಮಾಣಿಕವಾಗಿ ಯೋಚಿಸಿದ. ಗೆದ್ದರೆ ಮೇಲಿನ ಡಿವಿಜನ್‌ಗೆ ಹೋಗುತ್ತಾನೆ. ಅಲ್ಲಿ ಎಲ್ಲರ ಬಳಿಯೂ ಗುಲಿಟ್ ಇರುತ್ತಾನೆ.

ಕೊಟ್ಟ ಸಲಹೆ ಕೇಳಿ ಶ್ವೇತಾಗೆ ಬೇಸರವಾಯಿತು, ಏಕೆಂದರೆ ನಾನು ಆಟ ಬಿಡಿ ಎನ್ನಲಿಲ್ಲ. ಅದೇ ಆಟದಲ್ಲಿ ಇನ್ನೊಂದು ಬಗೆಯ ಪ್ಯಾಕ್ ಇತ್ತು: ಯಾವ ಆಟಗಾರರು ಬರುತ್ತಾರೆಂದು ಮೊದಲೇ ಹೆಸರು ಹಾಕಿ, ಬೆಲೆ ಹಾಕಿ ಮಾರುವಂಥದ್ದು, 1,100 ರೂಪಾಯಿ. ಮಧುವಿನ ತಂಡದಲ್ಲಿ ನಿಜಕ್ಕೂ ಕುಂಟುತ್ತಿದ್ದುದು ಎಡ ಬ್ಯಾಕ್ (ಎಡಬದಿಯ ರಕ್ಷಕ), ಅದಕ್ಕೆ ಒಳ್ಳೆಯವನೊಬ್ಬ ಆ ಪ್ಯಾಕ್‌ನಲ್ಲಿದ್ದ. ಗುಲಿಟ್ ಆಡುವ ಜಾಗಕ್ಕೆ ಆಗಲೇ ಮೂವರಿದ್ದರು. ತಿಂಗಳಿಗೆ 60 ಮ್ಯಾಚ್, ನಾಲ್ಕು ತಿಂಗಳಿಗೆ 240. ಮ್ಯಾಚಿಗೆ ಐದು ರೂಪಾಯಿಯೂ ಬೀಳದು, ಟೀಗಿಂತ ಅಗ್ಗ. ಇದನ್ನು ತಗೊಳ್ಳಿ ಎಂದೆ. ಏನು ಬರುತ್ತದೆಂದು ಗೊತ್ತಿದ್ದು ಕೊಡುವ ದುಡ್ಡು ಖರ್ಚು. ಎತ್ತುವ ಅವಕಾಶಕ್ಕಷ್ಟೇ ಕೊಡುವುದನ್ನು, ಗುಲಿಟ್‌ನ ಬೆಲೆ ಎಂದು ಬರೆದುಕೊಳ್ಳಬೇಡಿ. ಪೆಟ್ಟಿಗೆ ಎತ್ತುವುದಿದ್ದರೆ ಆಟ ಪುಕ್ಕಟೆ ಕೊಡುವ ಕಾಯಿನ್‌ಗಳಿಂದ ಮಾತ್ರ. ಇದಾದ ಮೇಲೆ ದುಡ್ಡಿನ ಯಾವುದೇ ಪ್ಯಾಕ್ ಆದರೂ ಹಗಲು, ಮ್ಯಾಚ್ ಆಡದ ಹೊತ್ತು, ತಿಂಗಳಿಗೆ 500ರ ಒಳಗೆ ಕೂಡಿಟ್ಟ ಸ್ವಂತ ಖರ್ಚಿನ ದುಡ್ಡಿನಲ್ಲಿ, ಶ್ವೇತಾಗೆ ಮೊದಲು ಹೇಳಿ. ಒಪ್ಪಿಗೆ ಕೇಳುವುದಲ್ಲ, ಹೇಳುವುದು. ಈ ಎರಡರ ವ್ಯತ್ಯಾಸದ ಮೇಲೆ ಇಪ್ಪತ್ತು ನಿಮಿಷ ಹೋಯಿತು.

ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಅಲ್ಲೇ ಮಾಡಿಸಿದೆ. ತಿಂಗಳ ಬಜೆಟ್ ಹಾಕುವ ಸೌಲಭ್ಯವೂ ಇದೆ, ಆದರೆ ಅದು ತಡೆಯುವುದಿಲ್ಲ, ಎಚ್ಚರಿಸುತ್ತದೆ ಅಷ್ಟೆ.

ಕಣ್ಣಿನ ಡ್ರಾಪ್ಸ್‌ನ ವಿಷಯ ಪ್ಯಾಕ್‌ನ ಲೆಕ್ಕಕ್ಕೆ ಸೇರಿದ್ದಲ್ಲ ಎಂದು ಮಧುವಿಗೆ ಒಬ್ಬನೇ ಇದ್ದಾಗ ಹೇಳಿದೆ. 23,400 ರೂಪಾಯಿಯನ್ನು ಶ್ವೇತಾ ಎರಡು ವರ್ಷದಲ್ಲಿ ಮರೆತಾಳು. ಆ 449ನ್ನು ಮರೆಯುವುದು ಕಷ್ಟ. ಸಮಜಾಯಿಷಿ ಕೊಡದೆ ಕ್ಷಮೆ ಕೇಳಿ ಎಂದೆ. ಕೇಳಿದನೆಂದು ಆಕೆಯೇ ಹೇಳಿದಳು. ಹೇಗಿತ್ತು ಎಂದು ಹೇಳಲಿಲ್ಲ.

ಆರು ವಾರದ ನಂತರ ಬಂದರು. ಒಂದು ರಾತ್ರಿ 89 ರೂಪಾಯಿ ಜಾರಿತ್ತು, ಬೆಳಿಗ್ಗೆ ಕಾಫಿ ಹೊತ್ತಿಗೆ ತಾನೇ ಹೇಳಿದ್ದ. ಎಡ ಬ್ಯಾಕ್ ಆಟಗಾರನನ್ನು ತಂದಿದ್ದ. ಆದರೆ ಐದನೇ ವಾರ ಅದೇ ಜಾಗಕ್ಕೆ ಅವನಿಗಿಂತ ಬಲಶಾಲಿಯೊಬ್ಬ ಪುಕ್ಕಟೆಯಾಗಿ ಸಿಕ್ಕಿ, 1,100 ರೂಪಾಯಿಯವ 70 ಮ್ಯಾಚಿಗೇ ಬೆಂಚು ಸೇರಿದ. ನನ್ನ 240ರ ಲೆಕ್ಕ ಬಿದ್ದುಹೋಗಿತ್ತು. ಮ್ಯಾಚಿಗೆ ಹದಿನಾರು ರೂಪಾಯಿ ಬಿತ್ತೆಂದು ಶ್ವೇತಾ ಆಗಲೇ ಭಾಗಿಸಿಟ್ಟಿದ್ದಳು. ಇಂಥ ಕಾರ್ಡ್‌ಗಳ ಆಯಸ್ಸನ್ನು ನಾಲ್ಕು ತಿಂಗಳು ಎಂದು ಹಿಡಿದದ್ದು ನನ್ನ ತಪ್ಪು. ಈಗ ಕೇಳಿದವರಿಗೆ ಒಂದೇ ತಿಂಗಳು ಹಿಡಿದು ಭಾಗಿಸಿ ಎನ್ನುತ್ತೇನೆ.

ಮುಂದಿನ ಅಪಾಯಿಂಟ್‌ಮೆಂಟ್ ಬೇಕಾ ಎಂದು ಕೇಳಿದೆ. ಬೇಡ ಮೇಡಂ, ಎಲ್ಲಾ ಸರಿ ಹೋಯ್ತಲ್ಲ ಎಂದ ಮಧು. ಶ್ವೇತಾ ಬ್ಯಾಗಿನಿಂದ ಡೈರಿ ತೆಗೆದು ತಾರೀಖು ಬರೆದುಕೊಂಡಳು.