ಅಜ್ಜನ ಕಾಲದ ಡೀಸೆಲ್ ಎಂಜಿನ್ನಿಗೆ ಯಾವ ಬಣ್ಣ ಹೊಡೆಸಿದರೆ ಪ್ರದರ್ಶನಕ್ಕೆ ಚೆನ್ನ?

ಇಪ್ಪತ್ತು ವರ್ಷ ಕೊಟ್ಟಿಗೆಯಲ್ಲಿ ಬಿದ್ದಿದ್ದ ಎಂಜಿನ್ನು, ಮುಂದಿನ ಆಲೆಮನೆಯಲ್ಲಿ ಕಬ್ಬಿನ ಗಾಣ ಓಡಿಸಿ ತೋರಿಸಬೇಕು, ಹಸಿರೋ ಬೂದಿಯೋ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತ ಶಿರಸಿ ಪೇಟೆ ಸುತ್ತಿದವನು.

ನಮ್ಮದು ಲಿಸ್ಟರ್ ಸಿಎಸ್ ಮಾದರಿ. ಒಂದೇ ಸಿಲಿಂಡರು, 6 ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು, ಎರಡೂ ಬದಿಗೆ ಫ್ಲೈವೀಲು, ಅಂದರೆ ಓಟ ಸಮವಾಗಿಡುವ ಭಾರದ ಚಕ್ರ. ಕುಮಟೆ ಕಡೆಯ ಹಳೇ ಅಕ್ಕಿ ಗಿರಣಿಯಲ್ಲಿ ಸಿಕ್ಕಿದ್ದು. ಉಪ್ಪುಗಾಳಿಗೆ ಪಿಸ್ಟನ್ ಕಚ್ಚಿಕೊಂಡಿತ್ತು. ದೇವಿಮನೆ ಘಟ್ಟ ಹತ್ತಿಸಿ ತಂದು, ನಾಲ್ಕು ಜನ ಗೆಳೆಯರು ಭಾನುವಾರಗಳಲ್ಲಿ ಸೀಮೆಎಣ್ಣೆ ಎರೆದೆರೆದು ಬಿಡಿಸುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ಆಮೇಲೆ ಮೂರು ಕೋಟು ಹಸಿರು ಬಣ್ಣ.

ತಪ್ಪಾಗಿದ್ದು ಅಲ್ಲೇ. ಡೀಸೆಲ್ ಪಂಪಿನ ಪಕ್ಕಕ್ಕೆ ಬೆರಳಿನಷ್ಟು ಚಾಚಿಕೊಂಡಿರುವ ಸರಳು ಇದೆಯಲ್ಲ, ರ‍್ಯಾಕು, ಅದರ ಮೇಲೂ ಬ್ರಶ್ಶು ಆಡಿಸಿದ್ದೆ. ಎಂಜಿನ್ ನಿಂತಿರುವಾಗ, ವೇಗ ಹತೋಟಿಯಲ್ಲಿಡುವ ಗವರ್ನರಿನ ಸ್ಪ್ರಿಂಗು ಆ ರ‍್ಯಾಕನ್ನು ಪೂರ್ತಿ ಡೀಸೆಲ್ ಬಿಡುವ ಕಡೆಗೆ ಹಿಡಿದಿರುತ್ತದೆ. ವೇಗ ಏರಿದಂತೆ ಗವರ್ನರಿನ ಗುಂಡುಗಳು ಹೊರಗೆ ಸರಿದು ಅದನ್ನು ಹಿಂದಕ್ಕೆ ಎಳೆದು ಡೀಸೆಲ್ ತಗ್ಗಿಸಬೇಕು. ನಮ್ಮದು ಬಣ್ಣದಲ್ಲೇ ಅಂಟಿ ಕೂತಿತ್ತು. ಪಂಪು ಬಿಚ್ಚಿ ನೋಡಬಹುದಿತ್ತು. ಹೊಸ ಬಣ್ಣ ಕೆರೆದುಹೋದೀತು ಅಂತ ನಾನೇ ಬೇಡ ಅಂದೆ.

ಆಲೆಮನೆಯಲ್ಲಿ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಹ್ಯಾಂಡಲ್ ತಿರುಗಿಸಿ ಲಿವರ್ ಬಿಟ್ಟೆ, ಹತ್ತಿಕೊಂಡಿತು. 650ರ ವೇಗದಲ್ಲಿ ಸೆಕೆಂಡಿಗೆ ಐದು ಸಲ ಡುಕ್ ಎನ್ನಬೇಕು, ಎಣಿಸಲು ಬರುತ್ತದೆ. ಇದು ಎಣಿಕೆ ಮೀರಿ ಒಂದೇ ಕಿರುಚಾಟವಾಯಿತು. ಟ್ಯಾಂಕಿನ ನಲ್ಲಿ ಮುಚ್ಚಿದೆ. ಫಿಲ್ಟರಿನಲ್ಲಿ ಉಳಿದ ಡೀಸೆಲ್ ಸಾಕಾಗಿತ್ತು ಅದಕ್ಕೆ. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ, ವಯರ್ ಕಿತ್ತು ನಿಲ್ಲಿಸೋಣ ಅನ್ನಲು. ಕೊನೆಗೆ ಗೆಳೆಯನೊಬ್ಬ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಹಿಡಿದ. ನಿಂತಿತು. ಎಡಗಡೆ ಫ್ಲೈವೀಲಿನ ನಡುವಿನ ಗುಂಬದಲ್ಲಿ ಕೂದಲೆಳೆಯ ಬಿರುಕು. ವೇಗ ಎರಡು ಪಟ್ಟಾದರೆ ಫ್ಲೈವೀಲಿನ ಅಂಚನ್ನು ಹರಿಯುವ ಬಲ ನಾಲ್ಕು ಪಟ್ಟು, ಮತ್ತು ಅದು ಬರೀ ಬೀಡು ಕಬ್ಬಿಣ. ಒಡೆದು ಹಾರಿದ್ದರೆ ಆ ಮಕ್ಕಳು... ನಾನು ಇಂದಿಗೂ ಆ ಜಾಗದಲ್ಲಿ ನಿಲ್ಲಲಾರೆ. ಬಿರುಕು ಬಿಟ್ಟ ಫ್ಲೈವೀಲನ್ನು ವೆಲ್ಡ್ ಮಾಡಿ ಓಡಿಸುವ ಧೈರ್ಯ ಯಾರೂ ಮಾಡಬಾರದು. ಆ ಎಂಜಿನ್ ಅಂದಿನಿಂದ ಸುಮ್ಮನಿದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಹಳೇ ಬಣ್ಣ ಎಷ್ಟು ಉಳಿದಿದೆಯೋ ಅಷ್ಟು ಇರಲಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಸಾಕು. ಹೆಸರಿನ ತಗಡಿಗೆ ಬ್ರಶ್ಶು ತಾಗಿಸಲೇಬೇಡಿ. ಮೊದಲು ರ‍್ಯಾಕು ಬೆರಳಲ್ಲಿ ಒತ್ತಿದರೆ ಎಣ್ಣೆಯಲ್ಲಿ ಜಾರಿದಂತೆ ಹೋಗಿ ಬರಬೇಕು. ಮೊದಲ ಸಲ ಚಾಲೂ ಮಾಡುವಾಗ ಹಲಗೆ ಹಿಡಿದ ಒಬ್ಬರು ಪಕ್ಕದಲ್ಲಿರಲಿ, ಫ್ಲೈವೀಲಿನ ನೇರಕ್ಕೆ ಯಾರೂ ನಿಲ್ಲುವುದು ಬೇಡ, ನೋಡುವವರನ್ನು ಅಂದು ಕರೆಯಲೂಬೇಡಿ. ಪಂಪು ಬಿಚ್ಚಲು ಹೆದರಿಕೆಯಾದರೆ ಹಾಗೇ ಶಿರಸಿಗೆ ತನ್ನಿ. ಭಾನುವಾರ ನಾವು ನಾಲ್ಕೂ ಜನ ಇರುತ್ತೇವೆ.