ಹತ್ತು ದಿನ ಮನೆಗೆ ಬೀಗ: ಹೊರಗಿನ ಲೈಟ್ ಹಾಕಿಯೇ ಹೋಗಬೇಕೆ?

ಸರ್, ದಸರಾ ರಜೆಗೆ ಹತ್ತು ದಿನ ಊರಿಗೆ ಹೊರಟಿದ್ದೀರಿ, ರಾಜಾಜಿನಗರದಲ್ಲಿ ಗ್ರೌಂಡ್ ಫ್ಲೋರ್ ಮನೆ, ಮುಂದಿನ ಲೈಟ್ ಹಾಕಿಯೇ ಹೋಗಲೇ ಅಂತ ಕೇಳಿದ್ದೀರಿ. ಬೇಡ. ಮಟಮಟ ಮಧ್ಯಾಹ್ನವೂ ಉರಿಯೋ ಲೈಟು ಒಳಗೆ ಯಾರೂ ಇಲ್ಲ ಅಂತ ಬೋರ್ಡ್ ತೂಗುಹಾಕಿದ ಹಾಗೆ. ಕತ್ತಲಾದಾಗ ಹತ್ತಿ ಬೆಳಗಾದಾಗ ಆರೋ ಸೆನ್ಸರ್ ಬಲ್ಬ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತೆ, ಅದನ್ನು ಹಾಕಿ.

ಆದರೆ ನಮ್ಮ ಬೀದಿಗಳಲ್ಲಿ ಲೈಟಿಗಿಂತ ಮೊದಲು ಕಣ್ಣಿಗೆ ಬೀಳೋದು ಬಾಗಿಲ ಮುಂದಿನ ನೆಲ. ನೀರು ಹಾಕಿಲ್ಲ, ರಂಗೋಲಿ ಇಲ್ಲ, ಗೇಟಿನ ಸಂದಿಯಲ್ಲಿ ಬೆಸ್ಕಾಂ ಬಿಲ್ಲು, ಟ್ಯೂಷನ್ ಪಾಂಪ್ಲೆಟ್ಟು. ಅದೂ ಹಬ್ಬದ ದಿನಗಳಲ್ಲಿ! ಹಾಗಾಗಿ ಕೆಲಸದವರಿಗೆ ರಜೆ ಕೊಡದೆ, ದಿನಾ ಹೊರಗೆ ಗುಡಿಸಿ, ರಂಗೋಲಿ ಎಳೆದು, ಗೇಟಿನ ಕಾಗದ ತೆಗೆದಿಡೋಕೆ ಹೇಳಿ. ಇದಕ್ಕೆ ಮನೆ ಕೀ ಕೊಡಬೇಕಿಲ್ಲ. ಹಾಲು, ಪೇಪರ್ ನಿಲ್ಲಿಸಿ.

ಮುಂಬಾಗಿಲಿಗೆ ಹೊರಗೆ ನೇತಾಡೋ ಬೀಗಕ್ಕಿಂತ ಬಾಗಿಲೊಳಗೇ ಕೂರೋ ಲಾಕ್ ವಾಸಿ, ಹಾಕಿದೆಯೋ ಇಲ್ಲವೋ ದೂರದಿಂದ ಗೊತ್ತಾಗಲ್ಲ. ಎಲ್ಲರೂ ಮುಂಬಾಗಿಲಿಗೇ ದುಡ್ಡು ಸುರೀತಾರೆ, ಅಡುಗೆಮನೆ ಹಿಂದೆ ಪಾತ್ರೆ, ಬಟ್ಟೆ ತೊಳೆಯೋ ಯುಟಿಲಿಟಿ ಕಡೆಯ ಬಾಗಿಲಿಗೆ ಒಂದು ಸಣ್ಣ ಚಿಲಕ! ಅಲ್ಲೂ ಒಂದು ಒಳ್ಳೆ ಬೋಲ್ಟ್ ಹಾಕಿಸಿ.

ಒಡವೆ ಲಾಕರಿಗೆ ಇಡೋದಾದರೆ ಆಯುಧಪೂಜೆಗೆ ಮುಂಚೆಯೇ ಹೋಗಿ, ಆಮೇಲೆ ಬ್ಯಾಂಕ್ ರಜೆ. ಹೋಗೋ ತಾರೀಖು, ವಿಳಾಸ ಬರೆದು ನಿಮ್ಮ ಏರಿಯಾ ಪೊಲೀಸ್ ಸ್ಟೇಷನ್‌ಗೆ ಕೊಡಿ, ಗಸ್ತು ತಿರುಗೋ ಬೀಟ್‌ನವರು ಗಮನ ಇಡ್ತಾರೆ. ಪಕ್ಕದ ಮನೆಯವರಿಗೆ ನಿಮ್ಮ ನಂಬರ್ ಕೊಟ್ಟು, ಏನಾದರೂ ಸದ್ದಾದರೆ ಮೊದಲು 112ಕ್ಕೆ ಮಾಡಿ ಅನ್ನಿ. ಕ್ಯಾಮೆರಾ ಇದ್ದರೆ ಅದನ್ನೂ ವೈಫೈ ರೂಟರನ್ನೂ ಕರೆಂಟ್ ಹೋದರೂ ನಡೆಯೋ ಹಾಗೆ ಯುಪಿಎಸ್ ಲೈನಿಗೆ ಹಾಕಿ.