ಗರ್ಭಿಣಿಗೆ ತಲೆ ಸುತ್ತಿದರೆ ಮಗುವಿಗೆ ತೊಂದರೆಯೇ?

ಆಗೊಮ್ಮೆ ಈಗೊಮ್ಮೆ ತಲೆ ಸುತ್ತಿದ ಮಾತ್ರಕ್ಕೆ ಹೊಟ್ಟೆಯೊಳಗಿನ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪ್ರೊಜೆಸ್ಟರಾನ್ ಹಾರ್ಮೋನು ರಕ್ತನಾಳಗಳನ್ನು ಸಡಿಲಿಸುವುದರಿಂದ ರಕ್ತದೊತ್ತಡ ಇಳಿಯುತ್ತದೆ. ಥಟ್ಟನೆ ಎದ್ದು ನಿಂತಾಗ ಮಿದುಳಿಗೆ ಕ್ಷಣಕಾಲ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಐದು ತಿಂಗಳು ಕಳೆದ ಮೇಲೆ ಅಂಗಾತ ಮಲಗಿದರೂ ಹೀಗಾಗಬಹುದು, ಏಕೆಂದರೆ ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳವನ್ನು ಗರ್ಭಕೋಶದ ಭಾರ ಅದುಮುತ್ತದೆ. ಎಡಮಗ್ಗುಲಿಗೆ ಹೊರಳಿ.

ನಿಜವಾದ ಅಪಾಯ ಬೀಳುವುದರಲ್ಲಿದೆ; ತಲೆ ಸುತ್ತಿದ ಕೂಡಲೇ, ಯಾರೇನೆಂದುಕೊಂಡರೂ ಸರಿ, ಇದ್ದಲ್ಲೇ ಕುಳಿತುಬಿಡಿ.

ಪದೇ ಪದೇ ಆಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆ ಎನ್ನುತ್ತಾರೆ. ಅದು ತೀವ್ರವಾದರೆ ಮಗುವಿನ ತೂಕ ಕುಗ್ಗಬಹುದು. ಪ್ರಜ್ಞೆ ತಪ್ಪಿದರೆ, ರಕ್ತಸ್ರಾವ, ವಿಪರೀತ ಹೊಟ್ಟೆನೋವು, ಎದೆನೋವು ಅಥವಾ ಮಂಜಾದ ದೃಷ್ಟಿ ಜೊತೆಗಿದ್ದರೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.